ಉಪ್ಪಿನ ಗೂಡು

ಹೊಸ ಅಡುಗೆಮನೆಯಲ್ಲಿ ನಿಂತು ಅತ್ತೆ ಅಂಗೈಯಿಂದ ಗೋಡೆ ಸವರುತ್ತಿದ್ದರು. ಟೈಲ್ಸಿನ ನುಣುಪು ಇಷ್ಟವಾಯಿತೇನೋ ಎಂದು ನಾನು ಹಿಗ್ಗಿದೆ.

“ಉಪ್ಪಿನ ಗೂಡು ಎಲ್ಲೈತವ್ವ?” ಎಂದರು.

ಉಪ್ಪಿನ ಡಬ್ಬಿ ಅವರೆದುರಿಗೇ ಇತ್ತು. “ಕಾಣಲ್ವಾ ಅತ್ತೆ?”

“ಕಣ್ಣು ಹೋಗಿ ಬಾಳ ದಿನ ಆತು. ಹಳೇ ಅಡಿಗೆಮನೇಲಿ ಕಣ್ಣು ಬೇಕಾಗಿರ್ಲಿಲ್ಲ.”

ಚಿತ್ರದುರ್ಗದ ಬಿಸಿಲಿಗೆ ಒಲೆ ಮುಂದೆ ಅವರು ಬೇಯುವುದನ್ನು ನೋಡಲಾರದೆ, ತಾರಸಿಗೆ ಶಾಖ ತಡೆಯುವ ಬಿಳಿ ಟೈಲ್ಸ್ ಹಾಸಿಸಿ, ಒಲೆಯ ಜಾಗ ಬದಲಿಸಿ, ಗೋಡೆಯ ಗೂಡುಗಳನ್ನೆಲ್ಲ ಮುಚ್ಚಿಸಿದವಳು ನಾನೇ. ಮರುದಿನವೇ ಕರೆದೊಯ್ದು ತೋರಿಸಿದೆ; ಹೋದ ದೃಷ್ಟಿ ಇನ್ನು ಮರಳುವುದಿಲ್ಲ ಎಂದರು ಡಾಕ್ಟರು.

ಅಡುಗೆಮನೆ ಈಗ ನಿಜಕ್ಕೂ ತಂಪಾಗಿದೆ. ಅತ್ತೆ ಹೊಸ್ತಿಲಾಚೆ ಕುಳಿತು ನಾನು ರೊಟ್ಟಿ ತಟ್ಟುವ ಸದ್ದು ಕೇಳುತ್ತಾರೆ. ಒಳಗೆ ಬರ್ರಿ ಎಂದರೆ, “ಬ್ಯಾಡವ್ವ, ಯಾರದೋ ಮನೆ ಇದ್ದಂಗೈತೆ” ಎನ್ನುತ್ತಾರೆ.