ಬಾವಂತೆ, ಕಾಯಿಲೆ ಅಲ್ಲವಂತೆ

ಸ್ನೇಹಿತರೇ, ಇವತ್ತು ಸಿದ್ದಾಪುರದಿಂದ ಶಿರಸಿಗೆ ಬರುವ ಬಸ್ಸಿನಲ್ಲಿ ಹೊಡೆದಾಟವೊಂದೇ ಬಾಕಿ. ನನ್ನ ಮುಂದಿನ ಸೀಟಿನಲ್ಲಿ ಒಬ್ಬ ತಾಯಿ ಕೂತಿದ್ದಳು. ತೊಡೆಯ ಮೇಲೆ ಕೆನ್ನೆಗೆ ಬಟ್ಟೆ ಸುತ್ತಿದ ಪುಟ್ಟ ಮಗಳು.

"ಎಂತ ಆತೇ ಕೂಸಿಗೆ?" ಎಂದರು ಪಕ್ಕದ ಹೆಂಗಸು.

"ಜ್ವರ. ಮಂಗನ..." ಅನ್ನುವಷ್ಟರಲ್ಲಿ ಮಗು ಜೋರಾಗಿ ಅತ್ತಿತು.

ಸುತ್ತಲ ಊರುಗಳಲ್ಲಿ ಮಂಗನ ಕಾಯಿಲೆ ಎದ್ದಿರುವ ಹೊತ್ತು. ಅಷ್ಟೇ ಸಾಕಾಯಿತು. ಆ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಎದ್ದೇಬಿಟ್ಟರು. ಹಿಂದಿನಿಂದ ಒಬ್ಬರು ಕೂಗಿದರು: "ಕಂಡಕ್ಟರೇ, ಅವ್ರನ್ನ ಇಳಿಸಿ! ನನ್ ಜೊತೆಗೂ ಮಗಳಿದ್ದಾಳೆ!"

ಹೊರಗೆ ಎರಡೂ ಬದಿ ಕಾಡು.

"ಆ ಕಾಯಿಲೆ ಬರೋದು ಕಾಡಿನ ಉಣುಗು ಹುಳ ಕಚ್ಚಿ ಮಾರಾಯ್ರೇ, ಪಕ್ಕ ಕೂತಿದ್ದಕ್ಕಲ್ಲ. ಈ ಕಾಡಲ್ಲೇ ಇಳಿಸ್ತೀರಾ?" ಎಂದೆ. ಯಾರೂ ಕೇಳಲಿಲ್ಲ. ಕಂಡಕ್ಟರ್ ಸೀಟಿ ಬಾಯಿಗಿಟ್ಟರು.

"ಮಂಗನ ಬಾವು!" ತಾಯಿ ಕಿರುಚಿದಳು. "ಕಾಯಿಲೆ ಅಲ್ಲ, ಬಾವು! ನೋಡಿ ಬೇಕಾರೆ!" ಬಟ್ಟೆ ಬಿಚ್ಚಿ ಮಗಳ ಊದಿದ ಕೆನ್ನೆ ತೋರಿಸಿದಳು.

ಇಡೀ ಬಸ್ಸು ಉಸಿರು ಬಿಟ್ಟಿತು. "ಅಯ್ಯೋ, ಬಾವಾ? ಮೊದ್ಲೇ ಹೇಳೂದಲ್ವನೇ!" ಎನ್ನುತ್ತ ಆ ಹೆಂಗಸು ಮರಳಿ ಕೂತು, ಮಗುವನ್ನು ತಮ್ಮ ಮಡಿಲಿಗೇ ಎಳೆದುಕೊಂಡರು. ಇಳಿಸಿ ಎಂದವರು ಮಗುವಿಗೆ ಚಾಕಲೇಟು ಕೊಡಲು ತಮ್ಮ ಮಗಳನ್ನೇ ಕಳಿಸಿದರು.

ಪಕ್ಕ ಕೂತರೆ ಅಂಟುವುದು ಬಾವೇ ಎಂದು ಹೇಳಲು ಎದ್ದೆ. ಬಾಯಿ ತೆರೆಯುವ ಮೊದಲೇ ಕಂಡಕ್ಟರ್ ಕೈಮುಗಿದರು: "ಕೂತ್ಕಳಿ ಮಾರಾಯ್ರೇ, ಈಗಷ್ಟೇ ಎಲ್ರಿಗೂ ಸಮಾಧಾನ ಆಯ್ದು."

ಕೂತೆ. ಕಿಟಕಿ ಮಾತ್ರ ಪೂರ್ತಿ ತೆರೆದೆ.