ಕಾಸಿನ ಮುಖಕ್ಕೆ ಬೆಳಕು ಹಿಡಿಯುವ ಶಿವಲೀಲಾ

ರಾಯದುರ್ಗದ ಬೆಟ್ಟದ ಮೇಲೆ ಬಿಸಿಲು ಇನ್ನೂ ಸರಿಯಾಗಿ ಏರಿಲ್ಲ. ಕೆಳಗಿನ ಓಣಿಯ ಮನೆಯೊಂದರ ಪಡಸಾಲೆಯಲ್ಲಿ ಶಿವಲೀಲಾ ಕೈಯಲ್ಲಿ ಮೊಬೈಲ್ ಹಿಡಿದು, ಉಸಿರು ಬಿಗಿಹಿಡಿದು ಬಗ್ಗಿ ಕೂತಿದ್ದಾರೆ. ಎದುರಿಗೆ ಜೀನ್ಸ್ ಬಟ್ಟೆಯ ತುಂಡು, ಅದರ ಮೇಲೆ ಸವೆದ ತಾಮ್ರದ ಕಾಸು. ಬಾಗಿಲ ಕಡೆ ಹಳೇ ಜರಡಿಯ ಚೌಕಟ್ಟಿಗೆ ಬಿಳಿ ಬಟ್ಟೆ ಬಿಗಿದು ನಿಲ್ಲಿಸಿದ್ದಾರೆ. ಬೆಳಕು ಅದರಲ್ಲಿ ಸೋಸಿ, ಓರೆಯಾಗಿ ಕಾಸಿನ ಮೇಲೆ ಬೀಳುತ್ತದೆ. ನನ್ನ ಕಣ್ಣಿಗೆ ಬರೀ ತಗಡಿನಂತಿದ್ದದ್ದರ ಮೇಲೆ ಅಕ್ಷರಗಳು ಏಳುತ್ತವೆ. “ಸ್ವಲ್ಪ ಸರೀರಿ ಸಾರ್, ನಿಮ್ ನೆರಳು ಬೀಳಾಕತ್ತೈತಿ” ಎಂದು ಅವರಿಂದ ಗದರಿಸಿಕೊಂಡು ನಾನು ಗೋಡೆ ಸೇರುತ್ತೇನೆ.

ಹಳೆಯ ನಾಣ್ಯ ಕೂಡಿಡುವವರಿಗೆ ಫೋಟೋ ತೆಗೆದುಕೊಡುವುದು ಇವರ ಕೆಲಸ. ಬಳ್ಳಾರಿ, ಗುಮ್ಮಘಟ್ಟದ ಹವ್ಯಾಸಿಗಳು ಹತ್ತಿಯಲ್ಲಿ ಸುತ್ತಿ ತರುತ್ತಾರೆ. ಎರಡು ಮುಖ, ಒಂದು ಅಂಚು, ಫೋಟೋ ಅವರ ಮೊಬೈಲಿಗೆ. ದಿನಕ್ಕೆ ಹೆಚ್ಚೆಂದರೆ ಹತ್ತು ಕಾಸು. ಬಿಸಿಲು ಬಲಿತರೆ ಅಂಗಡಿ ಬಂದ್. ಜರಡಿಗೆ ಬಿಗಿದದ್ದು ಪ್ಯಾಂಟಿನ ಜೇಬಿಗೆ ಹಾಕುವ ಒಳಬಟ್ಟೆ. ಗಂಡ ಜಗದೀಶ್ ಜೀನ್ಸ್ ಗಾರ್ಮೆಂಟ್ಸಿನಲ್ಲಿ ಕಟಿಂಗ್ ಮಾಡುವವರು, ಉಳಿದ ತುಂಡು ತರುತ್ತಾರೆ.

ಶಿವಲೀಲಾ ಕೂಡ ಅಲ್ಲೇ ಜಿಪ್ ಹೊಲಿಯುತ್ತಿದ್ದರು. ಸೊಂಟ ಕೈಕೊಟ್ಟಿತು, ಮನೆ ಹಿಡಿದರು. ಆಗ ಬೆಳುಗುಪ್ಪದ ಉಚ್ಚಂಗೆಪ್ಪ ಎಂಬ ನಿವೃತ್ತ ಬಸ್ ಕಂಡಕ್ಟರು, ಕಾಸಿನ ಹುಚ್ಚು ಹಿಡಿದವರು, ತಮ್ಮ ಕೈ ನಡುಗುತ್ತದೆಂದು ಇವರಿಂದ ಫೋಟೋ ತೆಗೆಸಿದರು. ಅವರ ಮಾತು ನಂಬಿ ಉಳಿದವರೂ ಬಂದರು. “ಮೊದ್ಲ ದಿನ ಕಾಸಿಗಿಂತ ನನ್ ಬೆರಳೇ ಜಾಸ್ತಿ ಬಂದಿತ್ರಿ” ಎಂದು ಶಿವಲೀಲಾ ನಗುತ್ತಾರೆ.

ಈ ಕೆಲಸಕ್ಕೆ ಕಟ್ಟುನಿಟ್ಟಿನ ನಿಯಮ ಒಂದೇ: ಕಾಸನ್ನು ತೊಳೆಯಬಾರದು. ಕಾಲ ಹಚ್ಚಿದ ಕಂದು ಬಣ್ಣಕ್ಕೇ ಬೆಲೆ. ಹೊಳಪು ಬಂದರೆ ಕೂಡಿಡುವವರ ಪಾಲಿಗೆ ಅದು ಹೋದಂತೆಯೇ.

“ಈಗ ಜನ ಕಡಿಮೆಯಂತೆ?” ಎಂದೆ. ಅಡಿಗೆಮನೆಯ ಕಡೆ ನೋಡಿ ಶಿವಲೀಲಾ ದನಿ ತಗ್ಗಿಸಿದರು. “ಹೋದ ವರ್ಷ ಉಚ್ಚಂಗೆಪ್ಪನೋರ ಕಾಸಿಗೆ ನಾನೇ ಹುಣಸೆಹಣ್ಣು ಹಚ್ಚಿ ತೊಳದ್ಬಿಟ್ಟೆ ಸಾರ್. ಅವರಪ್ಪ ಕೊಟ್ಟಿದ್ದಂತ. ಬೈಲಿಲ್ಲ, ಏನಿಲ್ಲ, ಎತ್ಕೊಂಡು ಬೆಳುಗುಪ್ಪಕ್ಕ ಹೋದ್ರು. ಮತ್ತ ಈ ಕಡೆ ತಲಿ ಹಾಕಿಲ್ಲ.” ಶಿವಲೀಲಾ ಕಾಸು ತೊಳೆಯುತ್ತಾಳೆ ಎಂಬ ಮಾತು ಹಬ್ಬಿತು. ಉಚ್ಚಂಗೆಪ್ಪ ಕರೆತಂದವರಲ್ಲಿ ಅರ್ಧಕ್ಕರ್ಧ ಜನ ದೂರವಾದರು.

ಅಡಿಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತು. ಸೆರಗಿಗೆ ಕೈ ಒರೆಸುತ್ತ ಅತ್ತೆ ಪಂಪಮ್ಮ ಹೊರಬಂದರು.

“ಸುಳ್ಳು. ತೊಳದಾಕಿ ನಾನು. ಮರುದಿನ ಲಕ್ಷ್ಮಿ ಪೂಜೆ ಇತ್ತು, ಇದು ಕಲಶದ ಮುಂದ ಇಡಾಕ ತಂದಿರೋ ಕಾಸು ಅನ್ಕೊಂಡೆ. ಫಳಫಳ ಮಾಡಿ, ಕುಂಕುಮ ಹಚ್ಚಿ ಇಟ್ಟೆ.” ಸೊಸೆಯ ಕಡೆ ತಿರುಗಿದರು. “‘ಚಂದ ಆತು ಬಿಡ್ರಿ ಅತ್ತಿ’ ಅಂದ್ಯಲ್ಲವ್ವಾ ಅವತ್ತು. ನಾ ಅದನ್ನ ನಂಬಿ ಕುಂತೀನಿ.”

“ಆಗಿದ್ದು ಆತು, ಸುಮ್ನಿರ್ರಿ ಅತ್ತಿ” ಎನ್ನುವ ಶಿವಲೀಲಾರ ಕಣ್ಣು ತುಂಬಿವೆ. ನನ್ನತ್ತ ನೋಡಿ, “ಅವ್ರ ಹೆಸರು ಬರೀಬ್ಯಾಡ್ರಿ ಸಾರ್. ಉಚ್ಚಂಗೆಪ್ಪನೋರ ಮುಂದೂ ನಾ ಹೇಳಿಲ್ಲ” ಎನ್ನುತ್ತಾರೆ.

ಯಾರ ಮಾತು ಕೇಳಬೇಕೋ ತಿಳಿಯದೆ ನಾನು ಪೆನ್ನು ಹಿಡಿದು ಕೂತಿದ್ದೇನೆ. ಪಂಪಮ್ಮ ನನ್ನೆದುರು ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ.

“ಬರಕಳ್ರಿ. ತೊಳದಾಕಿ ಪಂಪಮ್ಮ, ಸೊಸಿ ಅಲ್ಲ ಅಂತ ಬರಕಳ್ರಿ. ನಿಮ್ ಪೇಪರು ಬೆಳುಗುಪ್ಪಕ್ಕ ಹೋಗತೈತೇನ್ರಿ?”