ಪೆನ್ನಮ್ಮ ಕೊಟ್ಟ ಖಾಲಿ ಚೌಕ

ಮುದ್ರಣಾಲಯದಲ್ಲಿ ಆಕೆಯನ್ನು ಎಲ್ಲರೂ ಪೆನ್ನಮ್ಮ ಎಂದೇ ಕರೆಯುತ್ತಿದ್ದರು. ವಾರಪತ್ರಿಕೆಯ ಕರಡು ತಿದ್ದುವುದು ಆಕೆಯ ಕೆಲಸ. ಆದರೆ ಹೆಸರು ಅಂಟಿಕೊಂಡದ್ದು ಚಿತ್ರಚೌಕದಿಂದ. ಚಿತ್ರಚೌಕವೆಂದರೆ ಮನೆಮನೆಯಾಗಿ ಗೆರೆ ಎಳೆದ ಒಂದು ಚೌಕ. ಪ್ರತಿ ಸಾಲಿನ ಅಂಚಿನಲ್ಲಿ ಅಂಕಿ ಇರುತ್ತದೆ. ಆ ಸಾಲಿನಲ್ಲಿ ಒತ್ತಾಗಿ ಎಷ್ಟು ಮನೆ ಕಪ್ಪು ಮಾಡಬೇಕು ಎಂಬುದನ್ನು ಅದು ಹೇಳುತ್ತದೆ. ಅಡ್ಡಕ್ಕೂ ಉದ್ದಕ್ಕೂ ಲೆಕ್ಕ ಹೊಂದಿದರೆ ಬೆಕ್ಕೋ ಕೆಟಲೋ ಸೈಕಲ್ಲೋ ಮೂಡಿ ಬರುತ್ತದೆ. ಉಳಿದವರು ಪೆನ್ಸಿಲ್ ಹಿಡಿದು, ತಪ್ಪಿದಾಗೆಲ್ಲ ರಬ್ಬರಿನಿಂದ ಅಳಿಸುತ್ತ ಬಿಡಿಸುತ್ತಿದ್ದರು. ಆಕೆ ಪೆನ್ನಿನಲ್ಲೇ ಬಿಡಿಸುತ್ತಿದ್ದಳು.

"ಊಹೆ ಮಾಡ್ಬೇಡ್ರೀ," ಎಂದು ಪಕ್ಕದ ಮೇಜಿನವರಿಗೆ ಹೇಳಿಕೊಡುತ್ತಿದ್ದಳು. "ಸಾಲಲ್ಲಿ ಹತ್ತು ಮನೆ ಇದೆ, ಅಂಚಲ್ಲಿ ಎಂಟು ಅಂತಿದೆ. ಎಡಗಡೆಯಿಂದ ಶುರು ಮಾಡಿದ್ರೂ ಸರಿ, ಬಲಗಡೆಯಿಂದ ಬಂದ್ರೂ ಸರಿ, ನಡುವಿನ ಆರು ಮನೆ ಹೇಗಿದ್ರೂ ಕಪ್ಪೇ. ಅಷ್ಟು ಮಾತ್ರ ತುಂಬಿ. ಗೊತ್ತಿಲ್ಲದ್ದಕ್ಕೆ ಕೈ ಹಾಕ್ಬೇಡಿ."

ಬಿಡಿಸುವುದಷ್ಟೇ ಅಲ್ಲ, ಪತ್ರಿಕೆಯ ಕೊನೆಯ ಪುಟದಲ್ಲಿ ಬರುತ್ತಿದ್ದ ಚೌಕಗಳನ್ನು ಮಾಡುತ್ತಿದ್ದವಳೂ ಆಕೆಯೇ. ಹನ್ನೊಂದು ವರ್ಷ, ಒಂದು ವಾರವೂ ತಪ್ಪದೆ. ಆದರೆ ಕೆಳಗೆ ಅಚ್ಚಾಗುತ್ತಿದ್ದದ್ದು ಆಕೆಯ ಅಕ್ಕನ ಗಂಡನ ಹೆಸರು. ಆ ಪುಟದ ಉಸ್ತುವಾರಿ ಅವನದು. ಮೊದಲ ಸಲ ಆಕೆ ಕೇಳಿದ್ದಳು: "ಭಾವ, ನನ್ನ ಹೆಸರು ಬಿಟ್ಟುಹೋಗಿದೆಯಲ್ಲ?"

"ಓದುಗರಿಗೆ ನನ್ನ ಹೆಸರು ರೂಢಿಯಾಗಿದೆ ಕಣಮ್ಮ. ಮನೆಯವರಲ್ಲೇ ಏನು ನಂದು ನಿಂದು?"

ಅಕ್ಕನ ಮುಖ ನೋಡಿ ಆಕೆ ಬಾಯಿ ಮುಚ್ಚಿಕೊಂಡಳು. ಭಾವನೋ ಒಂದು ಚೌಕವನ್ನೂ ಬಿಡಿಸಿದವನಲ್ಲ. ಆಕೆ ಪ್ರತಿ ವಾರ ಪ್ರಶ್ನೆಯದೊಂದು, ಉತ್ತರದ್ದೊಂದು ಹಾಳೆ ಕೊಡುತ್ತಿದ್ದಳು. ಅವನು ಎರಡನ್ನೂ ಅಚ್ಚಿಗೆ ಕಳಿಸುತ್ತಿದ್ದ. ಎಂದಾದರೂ ಹುಕಿ ಬಂದು ಪೆನ್ಸಿಲ್ ಹಿಡಿದರೆ ನಾಲ್ಕು ಮನೆ ತುಂಬುವಷ್ಟರಲ್ಲಿ, "ಓ, ಇದು ಮೀನು!" ಎಂದು ಅಂಕಿ ನೋಡದೆ ಮೀನು ಬರೆದುಬಿಡುತ್ತಿದ್ದ.

ಹನ್ನೆರಡನೆಯ ವರ್ಷ ಇನ್ನೂರು ಚೌಕಗಳು ಪುಸ್ತಕವಾಗಿ ಬರುವುದೆಂದಾಯಿತು. ಕರಡು ತಿದ್ದಲು ಆಕೆಯ ಮೇಜಿಗೇ ಬಂತು. ರಕ್ಷಾಪುಟದಲ್ಲಿ ಗಲ್ಲಕ್ಕೆ ಕೈ ಕೊಟ್ಟು ಕೂತ ಭಾವನ ಫೋಟೊ. ಮುನ್ನುಡಿಯ ಕೊನೆಯಲ್ಲಿ ಒಂದು ಸಾಲು: 'ಚೌಕಗಳಿಗೆ ಅಚ್ಚುಕಟ್ಟಾಗಿ ಗೆರೆ ಹಾಕಿಕೊಟ್ಟ ನನ್ನ ನಾದಿನಿಗೆ ಕೃತಜ್ನತೆ.'

ಆಕೆ ಅದನ್ನು ಮೂರು ಸಲ ಓದಿದಳು. ತನ್ನ ಸುದ್ದಿಯನ್ನೇ ಎತ್ತದಿದ್ದರೆ ಹಲ್ಲು ಕಚ್ಚಿಕೊಂಡು ಇರುತ್ತಿದ್ದಳೇನೋ. ಗೆರೆ ಹಾಕಿಕೊಟ್ಟಳಂತೆ! 'ಕೃತಜ್ಞತೆ' ಎಂಬಲ್ಲಿ ಒತ್ತಕ್ಷರ ತಪ್ಪಿತ್ತು; ಅದನ್ನು ತಿದ್ದಿ, ಸಹಿ ಹಾಕಿ, ಕರಡು ಕಳಿಸಿದಳು. ಆ ಸಾಲಿನಲ್ಲಿ ಬೇರೇನನ್ನೂ ಮುಟ್ಟಲಿಲ್ಲ. ಅದು ಹಾಗೇ ಅಚ್ಚಾಗಬೇಕಿತ್ತು.

ಬಿಡುಗಡೆಯ ದಿನ ಗ್ರಂಥಾಲಯದ ಸಭಾಂಗಣದಲ್ಲಿ, ದೊಡ್ಡ ಬಿಳಿ ಹಲಗೆಯ ಮೇಲೆ ಲೇಖಕರೇ ಹೊಸ ಚೌಕವೊಂದನ್ನು ಬಿಡಿಸಿ ತೋರಿಸುವುದೆಂದು ಗೊತ್ತಾಗಿತ್ತು. "ಒಂದು ಚೆಂದದ್ದು ಮಾಡಿಕೊಡಮ್ಮ," ಎಂದ ಭಾವ. "ಉತ್ತರ ಜೊತೆಗಿರಲಿ, ನೋಡಿಕೊಂಡು ತುಂಬ್ತೀನಿ."

"ಆಗಲಿ ಭಾವ," ಎಂದಳು, ಇಷ್ಟಗಲ ನಕ್ಕು.

ಒಂಬತ್ತು ದಿನ ಊಟದ ಬಿಡುವಿನಲ್ಲಿ ಕೂತು ಅದನ್ನು ಮಾಡಿದಳು. ಅಂತಹ ಚೌಕವನ್ನು ಆಕೆ ಅದಕ್ಕೆ ಮೊದಲು ಮಾಡಿರಲಿಲ್ಲ. ಅಂಕಿ ಹಿಡಿದು ಹೋಗುವವರಿಗೆ ಎಲ್ಲೂ ಮೋಸವಿಲ್ಲ, ಒಂದೇ ಉತ್ತರ, ಹೆಜ್ಜೆ ಹೆಜ್ಜೆಗೂ ಕಾರಣ. ಚಿತ್ರ ನೋಡಿ ಹಾರುವವನು ಮಾತ್ರ ಮುಗ್ಗರಿಸಲೇಬೇಕು.

ಆ ದಿನ ಭಾವ ವೇದಿಕೆ ಹತ್ತುವ ಗಡಿಬಿಡಿಯಲ್ಲಿದ್ದಾಗ ಲಕೋಟೆ ಕೈಗಿಟ್ಟಳು. ಹೋಗಿ ಮೂರನೆಯ ಸಾಲಿನಲ್ಲಿ ಅಕ್ಕನ ಪಕ್ಕ ಕುಳಿತಳು. ಅಂಕಿಗಳನ್ನು ಹಲಗೆಗೆ ಇಳಿಸಿದರು. ಆಕೆ ಮೊದಲೇ ಅಚ್ಚು ಮಾಡಿಸಿಟ್ಟಿದ್ದ ಅದೇ ಚೌಕದ ಪ್ರತಿಗಳನ್ನು ಸಭಿಕರಿಗೂ ಹಂಚಿದರು. ಭಾವ ಠೀವಿಯಿಂದ ಉತ್ತರದ ಹಾಳೆಯ ಮಡಿಕೆ ಬಿಚ್ಚಿದ. ಅದರಲ್ಲಿ ಗೆರೆಗಳಿದ್ದವು. ಅಚ್ಚುಕಟ್ಟಾದ ಗೆರೆಗಳು. ಒಂದು ಮನೆಯೂ ಕಪ್ಪಾಗಿರಲಿಲ್ಲ.

ಹಾಳೆಯನ್ನು ತಿರುಗಿಸಿ ನೋಡಿದ. ಲಕೋಟೆಯೊಳಗೆ ಬೆರಳು ಹಾಕಿ ನೋಡಿದ. ಆಮೇಲೆ ಆಕೆಯ ಕಡೆ ನೋಡಿದ. ಆಕೆ ಕಣ್ಣು ತಪ್ಪಿಸಲಿಲ್ಲ.

ವಿಧಿಯಿಲ್ಲದೆ ಶುರು ಮಾಡಿದ. ಮೇಲಿನ ಸಾಲುಗಳು ದೊಡ್ಡ ಅಂಕಿಯವು, ಹೇಗೋ ತುಂಬಿದವು. ಕಮಾನಿನಂತಹ ಆಕಾರ ಬಂತು. ನಡುವಿನ ಕಂಬಸಾಲು ಮೇಲಿಂದ ಕೆಳತನಕ ಪೂರ್ತಿ ಕಪ್ಪು. ಅವನ ಮುಖ ಅರಳಿತು. "ಕೊಡೆ!" ಎಂದವನೇ ಕೆಳಗೆ ಕೊಕ್ಕೆಯಂತಹ ಹಿಡಿಯನ್ನೂ ಬರೆದುಬಿಟ್ಟ.

ಮುಂದಿನ ಸಾಲಿನ ಕುರ್ಚಿಯಿಂದ ನಿವೃತ್ತ ಭೂಮಾಪಕರೊಬ್ಬರು ಕನ್ನಡಕ ಏರಿಸಿದರು. "ಹನ್ನೊಂದನೇ ಸಾಲಲ್ಲಿ ಐದು ಅಂತಿದೆಯಲ್ಲ ಸ್ವಾಮಿ. ನೀವು ಒಂದೇ ತುಂಬಿದ್ದೀರಿ."

ಭಾವ ಅಳಿಸಿದ. ಮರವಿರಬೇಕೆಂದು ಕಾಂಡ ದಪ್ಪ ಮಾಡಿದ. "ಈಗ ಒಂಬತ್ತನೇದು ತಪ್ಪಾಯ್ತು," ಎಂದಿತು ಇನ್ನೊಂದು ದನಿ. ಮತ್ತೆ ಅಳಿಸಿದ. ಬಿಳಿ ಹಲಗೆ ಬೂದಿ ಬಣ್ಣಕ್ಕೆ ತಿರುಗಿತು. "ಯಾವ ಅಂಕಿ ನೋಡಿ ಆ ಮನೆ ತುಂಬಿದ್ರಿ, ಅದನ್ನಾದ್ರೂ ಹೇಳಿ," ಎಂದು ಭೂಮಾಪಕರು ಕೇಳಿದರೆ ಅವನು ಇಂಗು ತಿಂದ ಮಂಗನಂತೆ ಹಲಗೆ ಒರೆಸುತ್ತಲೇ ಇದ್ದ.

ಅಕ್ಕ ಆಕೆಯ ಮಣಿಕಟ್ಟು ಹಿಡಿದಳು. "ಪುಟ್ಟಿ, ಹೋಗಿ ಸ್ವಲ್ಪ ಹೇಳಿಕೊಡೇ. ಎಲ್ಲರೂ ನೋಡ್ತಿದ್ದಾರೆ."

"ನಾನು ಗೆರೆ ಹಾಕೋಳಷ್ಟೇ ಅಕ್ಕ. ಪುಸ್ತಕದಲ್ಲೇ ಬರೆದಿದ್ದಾರೆ, ಓದಿಲ್ವಾ?"

ಅಷ್ಟರಲ್ಲಿ ಸಭಿಕರೇ ತಮ್ಮ ಹಾಳೆಗಳಲ್ಲಿ ಬಿಡಿಸಿ ಮುಗಿಸುತ್ತಿದ್ದರು. ಹಿಂದಿನಿಂದ ಯಾರೋ ಕೂಗಿದರು: "ಕೊಡೆಯಲ್ಲ ಸಾರ್, ನಾಯಿಕೊಡೆ! ಅಣಬೆ, ಅಣಬೆ!" ಸಭಾಂಗಣವಿಡೀ ಗೊಳ್ಳೆಂದಿತು. ಪೆನ್ನಮ್ಮ ನಗಲಿಲ್ಲ. ಹನ್ನೊಂದು ವರ್ಷದ ಉರಿ ಒಂದೊಂದೇ ಮನೆಯಾಗಿ ಆರುತ್ತಿತ್ತು. ಅದನ್ನು ನಗುವಿನಲ್ಲಿ ಪೋಲು ಮಾಡಲು ಆಕೆಗೆ ಮನಸ್ಸಿರಲಿಲ್ಲ.

ಮರುದಿನ ಪತ್ರಿಕೆಯ ಸಂಪಾದಕಿ ಆಕೆಯನ್ನು ಕರೆದು, ಚೌಕ ಮಾಡುವವರು ಯಾರೆಂದು ಕೇಳಿದರು. ಆಕೆ ಅಚ್ಚಾದ ಮೇಲೆ ಎತ್ತಿಟ್ಟುಕೊಂಡಿದ್ದ ಹನ್ನೊಂದು ವರ್ಷದ ಮೂಲ ಹಾಳೆಗಳ ಕಟ್ಟುಗಳನ್ನು ಮೇಜಿನ ಮೇಲಿಟ್ಟಳು. ಪ್ರತಿಯೊಂದರಲ್ಲೂ ಆಕೆಯ ಕೈಬರಹ, ತಾರೀಖು. ಆ ಪುಟ ಭಾವನ ಕೈತಪ್ಪಿತು. ಪುಸ್ತಕ ಆಗಲೇ ಅಚ್ಚಾಗಿದೆ, ಮುಂದಿನ ಮುದ್ರಣದಲ್ಲಿ ಸರಿಪಡಿಸೋಣ ಎಂದರು ಸಂಪಾದಕಿ.

"ಬೇಡ ಮೇಡಂ. ನನ್ನ ಹೆಸರಿನ ಚೀಟಿ ಅಚ್ಚು ಮಾಡಿಸಿಕೊಡಿ. ಅವರ ಹೆಸರಿನ ಮೇಲೆ ನಾನೇ ಅಂಟಿಸ್ತೀನಿ."

ಗೋದಾಮಿನಲ್ಲಿ ಎಂಟುನೂರು ಪ್ರತಿಗಳಿದ್ದವು. ಕೆಲಸ ಮುಗಿದ ಮೇಲೆ ದಿನವೂ ಒಂದು ಗಂಟೆ ಅಂಟಿನ ಡಬ್ಬಿ ಹಿಡಿದು ಕೂರುತ್ತಿದ್ದಳು. ಸಹಾಯಕ್ಕೆ ಬಂದವರನ್ನು ವಾಪಸು ಕಳಿಸಿದಳು. ಪ್ರತಿ ಚೀಟಿಯನ್ನೂ ಹೆಬ್ಬೆರಳಿನಿಂದ ಒತ್ತುವಾಗ ಆಗುತ್ತಿದ್ದ ಸುಖವನ್ನು ಬೇರೆಯವರಿಗೆ ಹಂಚಲು ಆಕೆ ತಯಾರಿರಲಿಲ್ಲ.

ನಾಲ್ಕನೆಯ ದಿನ ಅಕ್ಕ ಗೋದಾಮಿಗೆ ಬಂದಳು. ಬಾಗಿಲಲ್ಲೇ ನಿಂತು, "ಅವರು ಅವತ್ತಿಂದ ಯಾರ ಹತ್ರಾನೂ ಮಾತಾಡ್ತಿಲ್ಲ. ನಿನಗಿನ್ನೂ ಸಾಕಾಗಿಲ್ವಾ?" ಎಂದಳು.

"ಇನ್ನೂ ಇನ್ನೂರ ಹತ್ತು ಇದೆ."

"ನಿನಗೆ ಪಾಪ ಅನ್ಸಲ್ವೇನೇ?"

"ಇಲ್ಲ ಅಕ್ಕ," ಎಂದಳು ಪೆನ್ನಮ್ಮ, ತಲೆಯೆತ್ತದೆ.

ಅಕ್ಕ ಒಳಗೆ ಬಂದು, ಕೈಚೀಲ ತೆರೆದು, ಗಂಡ ಸಹಿ ಹಾಕಿ ತನಗೆಂದು ಕೊಟ್ಟಿದ್ದ ಪ್ರತಿಯನ್ನು ತೆಗೆದು ರಾಶಿಯ ಪಕ್ಕದಲ್ಲಿಟ್ಟಳು.

"ಇದಕ್ಕೂ ಒಂದು ಅಂಟಿಸು," ಎಂದಳು. "ನೆಟ್ಟಗೆ ಅಂಟಿಸು."